ಒಳಗಿನಿಂದ ತೆರೆಯುವ ಬಾಗಿಲು

"ನೋಡ್ಬೇಡಿ..."

ಬಾಗಿಲು ತೆರೆದ ಕೂಡಲೇ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಜೀವ ಉಳಿಸಿದವನಿಗೆ ಯಾರಾದರೂ ಹಾಗೆ ಹೇಳುತ್ತಾರೆಯೇ? ಇವಳು ಹೇಳಿದಳು.

ಬೇಕರಿಯ ಹಿಂಭಾಗದ ಕೋಲ್ಡ್ ರೂಮಿನಲ್ಲಿ, ಕ್ರೀಮಿನ ಡಬ್ಬಗಳ ನಡುವೆ, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅವಳು ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಬೆರಳ ತುದಿಗಳು ಇವೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಒಳಗಿನಿಂದ ಬಾಗಿಲು ತೆಗೆಯುವ ಗುಂಡಿ ಮುರಿದು ಅವಳ ಕಾಲ ಬಳಿ ಬಿದ್ದಿತ್ತು.

ಇಂಥ ಜಾಗಕ್ಕೆ ಅವಳು ಹೋದದ್ದಾದರೂ ಏಕೆ? ಅದೂ ಹೇಳಬೇಕು. ಅವಳು ಚಿಕ್ಕಮ್ಮನ ಬೇಕರಿಯಲ್ಲಿ ಕೇಕುಗಳ ಮೇಲೆ ಹೂ ಬಿಡಿಸುವವಳು. ಕೆನ್ನೆ, ಮೂಗು, ಗಲ್ಲ ಎಲ್ಲ ಯಾವಾಗಲೂ ಕೆಂಪು. ಓವನ್ನಿನ ಬಿಸಿ ತಾಗಿದರೆ, ಬಿಸಿಲಿಗೆ ಹೋದರೆ, ಯಾರಾದರೂ ದುರುಗುಟ್ಟಿ ನೋಡಿದರೆ ಮುಖ ಉರಿಯತೊಡಗುತ್ತಿತ್ತು. ಹಾಗಾದಾಗಲೆಲ್ಲ ಕೋಲ್ಡ್ ರೂಮಿಗೆ ಹೋಗಿ ಉರಿ ಆರುವವರೆಗೆ ನಿಂತು ಬರುವುದು ಅವಳ ಹಳೆಯ ಅಭ್ಯಾಸ. ಅವತ್ತು ಬೆಳಿಗ್ಗೆ ಕೇಕ್ ಕೊಳ್ಳಲು ಬಂದ ಹೆಂಗಸೊಬ್ಬಳು ಅವಳ ಮುಖ ನೋಡಿ, ಪಕ್ಕದವಳ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಬೆಳಿಗ್ಗೆನೇ ಕುಡಿದು ಬಂದಿದ್ದಾಳೆ ನೋಡು" ಎಂದಿದ್ದಳು.

ಅವಳು ಒಳಗೆ ಓಡಿದ್ದಳು. ಬಾಗಿಲು ಹಿಂದೆ ಮುಚ್ಚಿಕೊಂಡಿತ್ತು. ಹೊರಗೆ ಹಿಟ್ಟು ಕಲೆಸುವ ಮೆಷಿನ್ನಿನ ಸದ್ದು. ಎಷ್ಟು ಬಡಿದರೂ ಯಾರಿಗೂ ಕೇಳಿಸಿರಲಿಲ್ಲ.

ಕೇಳಿಸಿದ್ದು ಕಂಪ್ರೆಸರ್ ನೋಡಲು ಬಂದಿದ್ದ ಮೆಕ್ಯಾನಿಕ್‌ಗೆ.

ಅವನು ಬಾಗಿಲು ತೆಗೆದವನೇ ಅವಳನ್ನು ನೋಡಿದ. ಕೈಗಳ ಸಂದಿಯಿಂದ ಅವಳೂ ಅವನನ್ನು ನೋಡಿದಳು. ಅವನ ಕಣ್ಣುಗಳಲ್ಲಿ ಗಾಬರಿ ತುಂಬಿತ್ತು.

'ಹೆದರಿಬಿಟ್ಟ. ನನ್ನ ಮುಖ ನೋಡಿ ಹೆದರಿಬಿಟ್ಟ...'

"ನೋಡ್ಬೇಡಿ ಅಂದೆ ಅಲ್ವಾ."

"ನೋಡಲ್ಲ," ಎಂದು ಅವನು ತಟ್ಟನೆ ಬೆನ್ನು ತಿರುಗಿಸಿ ನಿಂತ. ತನ್ನ ಜಾಕೆಟ್ ಬಿಚ್ಚಿ ಕೈಯನ್ನು ಹಿಂದಕ್ಕೆ ಚಾಚಿದ. "ಇದನ್ನ ಹೊದ್ಕೊಳ್ಳಿ. ಮೊದಲು ಹೊರಗೆ ಬನ್ನಿ. ನಾನು ಯಾವ ಕಡೆ ತಿರುಗ್ಬೇಕು ಅನ್ನೋದನ್ನ ಆಮೇಲೆ ನೀವೇ ಹೇಳಿ."

ಅವಳು ಹೇಳಲಿಲ್ಲ. ಜಾಕೆಟ್ಟನ್ನು ತಲೆಯ ಮೇಲಿಂದ ಎಳೆದುಕೊಂಡು ಬಚ್ಚಲಿಗೆ ಓಡಿದಳು.

ಮರುದಿನ ಕೋಲ್ಡ್ ರೂಮಿನ ಬಾಗಿಲಿನ ಒಳಬದಿಯಲ್ಲಿ ಮುಷ್ಟಿಗಾತ್ರದ ಹೊಸ ಹಸಿರು ಗುಂಡಿ ಇತ್ತು.

"ಲೈಟ್ ಹೋದ್ರೂ ಕತ್ತಲಲ್ಲಿ ಹೊಳೆಯುತ್ತೆ," ಎಂದ ಅವನು. ಅವಳು ಮಾಸ್ಕ್ ಹಾಕಿಕೊಂಡಿದ್ದಳು. "ಹೊರಗಿಂದ ಬೀಗ ಹಾಕಿದ್ರೂ ಒಳಗಿಂದ ಒತ್ತಿದ್ರೆ ತೆಗೆಯುತ್ತೆ. ಒಂದ್ಸಲ ಒತ್ತಿ ನೋಡಿ."

"ಇರ್ಲಿ ಬಿಡಿ."

"ನನ್ನ ಸಮಾಧಾನಕ್ಕಾದ್ರೂ."

ಅವಳು ಒತ್ತಲಿಲ್ಲ. ಅವನು ಒತ್ತಾಯಿಸಲೂ ಇಲ್ಲ.

ಆಮೇಲೆ ಅವನು ಏನಾದರೊಂದು ನೆಪ ಮಾಡಿಕೊಂಡು ಬರತೊಡಗಿದ. ಇವತ್ತು ರಬ್ಬರ್ ಸಡಿಲ, ನಾಳೆ ಗ್ಯಾಸ್ ಕಮ್ಮಿ. ಕೆಡದ ಫ್ರಿಜ್ಜನ್ನು ಅಷ್ಟು ಸಲ ರಿಪೇರಿ ಮಾಡಿದವರನ್ನು ಆ ಬೇಕರಿ ಅದುವರೆಗೆ ಕಂಡಿರಲಿಲ್ಲ. ಅಲ್ಲಿದ್ದವರೆಲ್ಲ ಅವನನ್ನು ಐಸಣ್ಣ ಎಂದು ಕರೆಯುತ್ತಿದ್ದರು.

"ಎಲ್ರೂ ಐಸಣ್ಣ ಅಂತಾರೆ. ನೀನೊಬ್ಳು ಮಾತ್ರ 'ಅವ್ರು' ಅಂತೀಯ. ಅಣ್ಣ ಅನ್ನೋಕೆ ನಾಲಿಗೆ ತಿರುಗಲ್ವಾ?" ಎಂದು ಚಿಕ್ಕಮ್ಮ ಒಂದು ದಿನ ಕೇಳಿಯೇ ಬಿಟ್ಟಳು.

"ಹೋಗಿ ಚಿಕ್ಕಮ್ಮ..."

ಮಾಸ್ಕಿನ ಒಳಗೆ ಮುಖ ಉರಿಯಿತು. ರೋಗಕ್ಕೋ ನಾಚಿಕೆಗೋ ಅವಳಿಗೇ ತಿಳಿಯಲಿಲ್ಲ. ಆ ಮುಖದ ದೊಡ್ಡ ಕಷ್ಟವೇ ಅದು. ಭಯಕ್ಕೂ ಕೆಂಪು, ಸಿಟ್ಟಿಗೂ ಕೆಂಪು, ಪ್ರೀತಿಗೂ ಕೆಂಪು.

ಬಿಸಿ ಚಹಾ ಕುಡಿದರೆ ಮುಖ ಕೆಂಪೇರುತ್ತದೆಂದು ಅವಳು ಲೋಟವನ್ನು ಆರಲು ಇಡುತ್ತಿದ್ದಳು. ಸ್ವಲ್ಪ ದಿನದಲ್ಲಿ ಅವನೂ ತನ್ನ ಲೋಟವನ್ನು ಪಕ್ಕದಲ್ಲಿ ಆರಲು ಇಟ್ಟು ಕಾಯತೊಡಗಿದ. ಆ ಆರಿದ ಚಹಾಕ್ಕಾಗಿ ಅವಳು ಬೆಳಗಿನಿಂದಲೇ ದಾರಿ ನೋಡುತ್ತಿದ್ದಳು.

ಒಂದು ದಿನ ಅವನು ಕೋಲ್ಡ್ ರೂಮಿನಿಂದ ಸಣ್ಣ ಪೈಪು ಎಳೆದು, ಫ್ಯಾನು ಕೂರಿಸಿ, ಅವಳ ಮೇಜಿನ ಮೇಲೆ ತಣ್ಣನೆಯ ಗಾಳಿ ಬರುವ ಹಾಗೆ ಮಾಡಿದ.

"ಇನ್ಮೇಲೆ ಆ ರೂಮೊಳಗೆ ಹೋಗಿ ನಿಲ್ಬೇಡಿ. ತಂಪು ಇಲ್ಲಿಗೇ ಬರುತ್ತೆ."

ಅವಳ ಕಣ್ಣು ತುಂಬಿ ಬಂತು. ಅವಳ ಮುಖಕ್ಕಾಗಿ ಯಾರೂ ಏನನ್ನೂ ಮಾಡಿದ್ದಿಲ್ಲ, ಬಿಟ್ಟಿ ಸಲಹೆ ಕೊಡುವುದನ್ನು ಬಿಟ್ಟು.

ಆದರೆ ಅಲ್ಲಿಂದಾಚೆಗೆ ಮುಖ ಇನ್ನೂ ಕೆಟ್ಟಿತು. ಓವನ್ನಿನ ಹತ್ತಿರ ಹೋದರೆ ಬೆಂಕಿ, ಮೇಜಿಗೆ ಬಂದರೆ ಹಿಮ. ಕೆನ್ನೆಗಳ ಮೇಲೆ ಕೆಂಪು ನರಗಳು ದಾರದೆಳೆಯಂತೆ ಎದ್ದು ಕಾಣತೊಡಗಿದವು. ಮೂಗಿನ ಸುತ್ತ ಗುಳ್ಳೆಗಳು. ಅವಳು ಕನ್ನಡಿಯನ್ನು ಗೋಡೆಗೆ ತಿರುಗಿಸಿ ಇಟ್ಟಳು.

ಸರಿಯಾಗಿ ಆ ಹೊತ್ತಿಗೇ ಚಿಕ್ಕಮ್ಮ ಬಾಂಬ್ ಹಾಕಿದಳು.

"ಪುಟ್ಟಿ, ಬೇಕರಿ ಮುಂಭಾಗದ ಹೊಸ ಅಂಗಡಿ ರೆಡಿಯಾಗ್ತಿದೆ. ಬೀದಿ ಕಡೆ ಪೂರ್ತಿ ಗಾಜು. ಗಾಜಿನ ಹಿಂದೆ ನೀನು ಕೂತು ಕೇಕಿನ ಮೇಲೆ ಹೂ ಬಿಡಿಸೋದನ್ನ ಜನ ನಿಂತು ನೋಡ್ಬೇಕು."

ಅವಳ ಕೈ ಮಾಸ್ಕಿನ ಮೇಲೆ ಹೋಯಿತು.

"ಮಾಸ್ಕ್ ಹಾಕ್ಕೋತೀನಿ."

"ಮಾಸ್ಕ್ ಹಾಕ್ಕೊಂಡು ಕೂತ್ರೆ ಕೇಕಿಗೆ ಆಪರೇಷನ್ ಮಾಡ್ತಿದ್ದಾಳೆ ಅಂದ್ಕೋತಾರೆ. ಮುಖ ಕೆಂಪಿದ್ರೆ ಏನೇ? ಸೇಬು ಕೆಂಪಿದ್ರೆ ಆರಿಸಿ ತಗೊಳ್ಳಲ್ವಾ ಜನ?"

"ನಾನು ಸೇಬಲ್ಲ ಚಿಕ್ಕಮ್ಮ."

ಚಿಕ್ಕಮ್ಮನ ದನಿ ಸ್ವಲ್ಪ ಮೆತ್ತಗಾಯಿತು. "ಆಗಲ್ಲ ಅಂದ್ರೆ ಹೇಳು, ಬೇರೆಯವರನ್ನ ಕರೆಸ್ತೀನಿ. ಆದ್ರೆ ಆ ಜಾಗ ಅವರದಾಗುತ್ತೆ. ನಾನು ಅದನ್ನ ನಿನಗೆ ಅಂತ ಕಟ್ಟಿಸಿದ್ದು."

ಅವತ್ತಿನಿಂದ ಅವಳ ಕನಸಿನಲ್ಲಿ ಬರೀ ಗಾಜು. ಗಾಜಿನಾಚೆ ಮುಖಗಳು, ಆ ಮುಖಗಳಲ್ಲೆಲ್ಲ ಬಾಗಿಲು ತೆಗೆದಾಗ ಅವನ ಕಣ್ಣಲ್ಲಿ ಕಂಡ ಅದೇ ಗಾಬರಿ. ಬೆವರಿ ಎದ್ದು ಕೂರುತ್ತಿದ್ದಳು.

ಅವನಿಗೆ ವಿಷಯ ಹೇಳಿದಳು. ಅವನು ಜೇಬಿನಿಂದ ಒಂದು ಕಾರ್ಡ್ ತೆಗೆದು ಮೇಜಿನ ಮೇಲಿಟ್ಟ. ಚರ್ಮದ ಡಾಕ್ಟರ ಕ್ಲಿನಿಕ್‌ನದು.

"ಅಲ್ಲಿ ಲೇಸರ್ ಇದೆ. ಬೆಳಕಿನಿಂದಲೇ ಕೆಂಪು ಕಮ್ಮಿ ಮಾಡ್ತಾರಂತೆ. ಆಗ ಮುಖದ ಮೇಲೆ ತಣ್ಣಗಿನ ಗಾಳಿ ಬಿಡೋ ಮೆಷಿನ್ ಇರುತ್ತಲ್ಲ, ಅದನ್ನ ನಾನೇ ನೋಡ್ಕೊಳ್ಳೋದು. ಒಳ್ಳೇ ಡಾಕ್ಟ್ರು. ಒಂದ್ಸಲ..."

ಅವಳು ಕೈಯಲ್ಲಿದ್ದ ಕ್ರೀಮಿನ ಕೋನನ್ನು ಗಟ್ಟಿಯಾಗಿ ಹಿಂಡಿದಳು. ಅರ್ಧ ಬಿಡಿಸಿದ ಹೂ ಸೊಟ್ಟಗಾಯಿತು.

"ಅಂದ್ರೆ ನಿಮಗೂ ನನ್ನ ಮುಖ ರಿಪೇರಿಗೆ ಬಂದಿರೋ ಹಾಗೆ ಕಾಣ್ಸುತ್ತೆ."

"ಹಾಗಲ್ಲ, ನಾನು..."

"ಮೊದಲ ದಿನಾನೇ ನೋಡಿದೆ ನಿಮ್ಮ ಕಣ್ಣನ್ನ. ಹೆದರಿಬಿಟ್ಟಿದ್ರಿ. ಇಲ್ಲ ಅನ್ನಿ ನೋಡೋಣ."

ಅವನು ಇಲ್ಲ ಎನ್ನಲಿಲ್ಲ. ತಲೆ ತಗ್ಗಿಸಿ, "ಹೆದರಿದ್ದು ನಿಜ," ಎಂದ.

ಅಷ್ಟೇ ಸಾಕಾಗಿತ್ತು. "ಇನ್ಮೇಲೆ ಕೆಲಸಕ್ಕೆ ಬೇರೆಯವರನ್ನ ಕಳಿಸಿ," ಎಂದಳು. ಮಾತು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಆ ಗಳಿಗೆಯಲ್ಲಿ ಅವಳಿಗೆ ಇರಲಿಲ್ಲ, ಸತ್ಯದ ಅರ್ಧವನ್ನಷ್ಟೇ ಹೇಳಿ ನಿಲ್ಲಿಸುವ ಪೆದ್ದುತನ ಅವನಿಗಿತ್ತು. ಇಬ್ಬರೂ ಸೇರಿ ಕೆಡಿಸಿಕೊಂಡರು.

ಅವನು ಬರುವುದು ನಿಂತಿತು. ಚಹಾ ಆರುತ್ತಿತ್ತು, ಒಂದೇ ಲೋಟದಲ್ಲಿ.

ಕಾರ್ಡನ್ನು ಮಾತ್ರ ಅವಳು ಹರಿಯಲಿಲ್ಲ. ಕೋಪವಿತ್ತು, ಆದರೆ ಕೋಪಕ್ಕಿಂತ ಆ ಗಾಜಿನ ಭಯ ದೊಡ್ಡದಿತ್ತು. ಒಂದು ಮಧ್ಯಾಹ್ನ ಕ್ಲಿನಿಕ್ಕಿಗೆ ಹೋದಳು.

ಡಾಕ್ಟರಮ್ಮ ದೀಪ ಹಿಡಿದು, ಭೂತಗನ್ನಡಿಯಲ್ಲಿ ಕೆನ್ನೆ ನೋಡಿದರು.

"ಇದಕ್ಕೆ ರೊಸೇಶಿಯಾ ಅಂತಾರೆ. ಕುಡಿತಕ್ಕೂ ಇದಕ್ಕೂ ಸಂಬಂಧ ಕಟ್ಟೋರ ಮಾತು ಕಿವಿಗೆ ಹಾಕ್ಕೋಬೇಡಿ. ಇದು ಅಂಟುವ ರೋಗನೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಕೆಲಸ ಏನು?"

ಹೇಳಿದಳು. ಓವನ್ನು, ಕೋಲ್ಡ್ ರೂಮು, ಮೇಜಿನ ಮೇಲಿನ ಫ್ಯಾನು.

"ಅಯ್ಯೋ, ಬಿಸಿಯಿಂದ ಹಿಮಕ್ಕೆ, ಹಿಮದಿಂದ ಬಿಸಿಗೆ? ಇಂಥ ಚರ್ಮಕ್ಕೆ ಅದೇ ಆಗಿಬರಲ್ಲ. ತಂಪು ಅಂತ ನೀವು ಹೋಗಿ ನಿಂತಷ್ಟೂ ಅದು ಕೆರಳಿದೆ."

ಅವಳು ಬೆಪ್ಪಾಗಿ ಕುಳಿತಳು. ಇಷ್ಟು ವರ್ಷ ಓಡಿಹೋಗಿ ಬಚ್ಚಿಟ್ಟುಕೊಂಡ ಜಾಗವೇ ಅವಳನ್ನು ಸುಡುತ್ತಿತ್ತು. ಅವನು ಪ್ರೀತಿಯಿಂದ ಎಳೆದ ಪೈಪೂ ಅದನ್ನೇ ಮಾಡಿತ್ತು.

"ಲೇಸರ್‌ನಿಂದ ಹೋಗುತ್ತಾ?"

"ಸುಳ್ಳು ಹೇಳಲ್ಲ. ಪೂರ್ತಿ ವಾಸಿಯಾಗಲ್ಲ. ಹಿಗ್ಗಿರೋ ಸಣ್ಣ ರಕ್ತನಾಳಗಳು ಕುಗ್ಗುತ್ತವೆ, ಕೆಂಪು ಎಷ್ಟೋ ಇಳಿಯುತ್ತೆ, ಕೆಲವರಿಗೆ ಉರಿನೂ ಕಮ್ಮಿಯಾಗುತ್ತೆ. ಗುಳ್ಳೆಗೆ ಮುಲಾಮು ಬೇರೆ ಹಚ್ಚಬೇಕು. ಕೆಲವು ಸಲ ಬರ್ಬೇಕಾಗುತ್ತೆ, ವರ್ಷಗಳಾದ ಮೇಲೆ ಮತ್ತೆ ಬೇಕಾಗ್ಬಹುದು. ನಿಮ್ಮದು ಗೋಧಿ ಬಣ್ಣ, ಬೆಳಕು ಜಾಸ್ತಿಯಾದ್ರೆ ಕಪ್ಪು ಕಲೆ ಉಳಿಯೋ ಅಪಾಯ ಇದೆ. ಅದಕ್ಕೇ ಮೊದಲು ಚಿಕ್ಕ ಜಾಗದಲ್ಲಿ ಪರೀಕ್ಷೆ ಮಾಡಿ ನೋಡ್ತೀವಿ. ಖರ್ಚೂ ಇದೆ. ನಿಮಗೆ ಇದರಿಂದ ಏನು ಬೇಕು ಅಂತ ಯೋಚಿಸಿ ಬನ್ನಿ."

'ಏನು ಬೇಕು? ಯಾರೂ ಹೆದರದ ಮುಖ ಬೇಕು,' ಎಂದುಕೊಂಡಳು.

ಕಿವಿಯ ಕೆಳಗೆ ಮಾಡಿದ ಪರೀಕ್ಷೆಯಲ್ಲಿ ಕಲೆ ಬೀಳಲಿಲ್ಲ. "ಹತ್ತಿರದಲ್ಲಿ ಸಮಾರಂಭ ಏನೂ ಇಲ್ಲ ತಾನೇ? ಮೊದಲು ಕೆಲವು ದಿನ ಊದ್ಕೊಳ್ಳುತ್ತೆ, ನೀಲಿಗಟ್ಟೋದೂ ಉಂಟು," ಎಂದರು ಡಾಕ್ಟರಮ್ಮ.

"ಏನೂ ಇಲ್ಲ," ಎಂದಳು. ಅಂಗಡಿ ತೆರೆಯಲು ಆಗಲೇ ದಿನ ಗೊತ್ತಾಗಿತ್ತು. ಒಂದೇ ಸಲಕ್ಕೆ ಸ್ವಲ್ಪವಾದರೂ ಇಳಿಯಲಿ ಎಂಬ ಆಸೆ. ಭಯ ಮನುಷ್ಯರಿಂದ ಎಂಥೆಂಥ ಸುಳ್ಳು ಹೇಳಿಸುತ್ತದೆ ನೋಡಿ.

ಚಿಕಿತ್ಸೆಯ ದಿನ ಅವಳನ್ನು ಮಲಗಿಸಿ ಕಣ್ಣಿಗೆ ಲೋಹದ ಮುಚ್ಚಳ ಕಟ್ಟಿದರು. ಕಗ್ಗತ್ತಲು. ಪಕ್ಕದಲ್ಲಿ ಮೆಷಿನ್ನಿನ ಗುಂಯ್ ಸದ್ದು. ಕೆನ್ನೆಯ ಮೇಲೆ ತಣ್ಣನೆಯ ಗಾಳಿ ಬಂತು, ಆಮೇಲೆ ಛಟ್ಟನೆ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕು. ಮುಚ್ಚಿದ ಕಣ್ಣಿಗೂ ಮಿಂಚು ಹೊಡೆದಂತಾಯಿತು. ಇನ್ನೊಂದು. ಮತ್ತೊಂದು. ಅವಳ ಮುಷ್ಟಿಗಳು ಬಿಗಿದುಕೊಂಡವು.

'ಸುಟ್ಟುಹೋದರೆ? ಇರುವ ಮುಖವೂ ಹೋದರೆ?'

ಅಷ್ಟರಲ್ಲಿ ತಣ್ಣನೆಯ ಗಾಳಿ ನಿಂತಿತು.

"ಇದಿಲ್ಲದೆ ಮುಂದುವರಿಸೋದು ಬೇಡ. ಮೆಕ್ಯಾನಿಕ್ ಕೆಳಗೇ ಇದ್ದಾರೆ, ಕರೆಸ್ತೀನಿ," ಎಂದರು ಡಾಕ್ಟರಮ್ಮ. "ನೀವು ಹಾಗೇ ಮಲಗಿರಿ." ಅವರು ಪಕ್ಕದ ಕೋಣೆಯ ರೋಗಿಯನ್ನು ನೋಡಲು ಹೋದರು. ನರ್ಸ್ ಮೂಲೆಯಲ್ಲಿ ಟವೆಲ್ ಮಡಚುತ್ತಿದ್ದಳು.

ಏಳಬೇಕು, ಓಡಬೇಕು. ಕಣ್ಣು ಕಟ್ಟಿದೆ, ಮುಖ ಬೆತ್ತಲೆಯಾಗಿದೆ, ಹೊದ್ದುಕೊಳ್ಳಲು ಒಂದು ಚೂರು ಬಟ್ಟೆಯಿಲ್ಲ.

ಹೆಜ್ಜೆಗಳ ಸದ್ದು ಬಂತು. ಸ್ಕ್ರೂಡ್ರೈವರ್ ನೆಲಕ್ಕೆ ತಾಗಿದ ಸದ್ದು.

"ನೋಡ್ಬೇಡಿ," ಎಂದಳು ಅವಳು.

"ನೋಡ್ತಿಲ್ಲ. ಮೆಷಿನ್ ಕಡೆ ತಿರುಗಿದ್ದೀನಿ. ಕೈ ಮಾತ್ರ ಕಾಣಿಸ್ತು. ಉಗುರಿನ ಸಂದಿಯಲ್ಲಿ ಕೇಕಿನ ನೀಲಿ ಬಣ್ಣ ಇತ್ತು, ಗೊತ್ತಾಯ್ತು ನೀವೇ ಅಂತ."

ಅವಳು ಕೈ ಬಚ್ಚಿಟ್ಟುಕೊಂಡಳು.

"ಅವತ್ತು ಹೆದರಿದ್ದು ನಿಜ ಅಂದೆ. ಯಾಕೆ ಅಂತ ನೀವು ಕೇಳ್ಲಿಲ್ಲ," ಎಂದ. "ಆ ಬಾಗಿಲು ಇನ್ನೊಂದು ಸ್ವಲ್ಪ ಹೊತ್ತು ತೆಗೀದೇ ಇದ್ದಿದ್ರೆ ನೀವು ಸತ್ತೇಹೋಗ್ತಿದ್ರಿ. ತೆಗೆದಾಗ ನೀವು ಉಳಿದೆ ಅನ್ಲಿಲ್ಲ. ನೋಡ್ಬೇಡಿ ಅಂದ್ರಿ. ಸಾಯೋದಕ್ಕಿಂತ ಜನ ನೋಡೋದೇ ಇವ್ರಿಗೆ ಹೆಚ್ಚಿನ ಭಯ ಆಗಿದ್ಯಲ್ಲ ಅಂತ ನನಗೆ ಹೆದರಿಕೆಯಾಯ್ತು. ನಿಮ್ಮ ಮುಖಕ್ಕಲ್ಲ."

ಮೂಲೆಯಲ್ಲಿ ಟವೆಲ್ ಮಡಚುವ ಸದ್ದು ನಿಂತಿತ್ತು.

"ಆ ಫ್ಯಾನಿಂದ ಇನ್ನೂ ಜಾಸ್ತಿಯಾಯ್ತಂತೆ," ಎಂದಳು.

"ನನಗೆ ಗೊತ್ತಿರೋದು ತಂಪು ಮಾಡೋದೊಂದೇ. ನನ್ನನ್ನ ಕ್ಷಮಿಸ್ಬಿಡಿ."

"ಇದೆಲ್ಲ ಮಾಡಿಸ್ಕೊಂಡ ಮೇಲೂ ಕೆಂಪು ಹೋಗ್ದೇ ಇದ್ರೆ?"

"ಹೋಗ್ದೇ ಇದ್ರೆ ಇರುತ್ತೆ. ನಿಮಗೆ ಬೇಕು ಅಂದ್ರೆ ಮಾಡಿಸ್ಕೊಳ್ಳಿ, ನನಗೋಸ್ಕರ ಅಂತೂ ಬೇಡ."

ತಣ್ಣನೆಯ ಗಾಳಿ ಮತ್ತೆ ಬಂತು. ಅದನ್ನು ಅವನು ಮೊದಲು ತನ್ನ ಕೆನ್ನೆಗೆ ಹಿಡಿದು ನೋಡಿದ್ದು ಅವಳಿಗೆ ಕಾಣಲಿಲ್ಲ, ನರ್ಸ್‌ಗೆ ಕಂಡಿತು. ಡಾಕ್ಟರಮ್ಮ ಒಳಗೆ ಬರುತ್ತಲೇ ಅವನು ಹೊರಗೆ ಹೋದ. ಲೋಹದ ಮುಚ್ಚಳದ ಒಳಗೆ ಅವಳ ಕಣ್ಣುಗಳು ಒದ್ದೆಯಾಗಿದ್ದವು.

ಇಷ್ಟಾದ ಮೇಲೆ ಎಲ್ಲ ಸರಿಹೋಗಬೇಕಿತ್ತು. ಆದರೆ ಮುಖ ಊದಿಕೊಂಡಿತು. ಡಾಕ್ಟರಮ್ಮ ಹೇಳಿದ ಹಾಗೆಯೇ ಕೆನ್ನೆಯಲ್ಲಿ ಅಲ್ಲಲ್ಲಿ ನೀಲಿಗಟ್ಟಿತು. ಇಳಿಯುತ್ತದೆ ಎಂದು ಗೊತ್ತಿತ್ತು, ಆದರೆ ಅಂಗಡಿ ತೆರೆಯುವ ದಿನದೊಳಗೆ ಇಳಿಯುವ ಲಕ್ಷಣವಿರಲಿಲ್ಲ. ಚಿಕ್ಕಮ್ಮ ನೋಡಿ ಕೆನ್ನೆಗೆ ಕೈ ಇಟ್ಟುಕೊಂಡಳು.

"ನನಗೊಂದು ಮಾತು ಹೇಳ್ಬಾರ್ದಿತ್ತೇನೇ? ದಿನ ಮುಂದಕ್ಕೆ ಹಾಕ್ತಿದ್ದೆ."

"ಈಗ ಎಲ್ರಿಗೂ ಹೇಳಿಯಾಗಿದೆ, ಚಿಕ್ಕಮ್ಮ."

ಆ ದಿನ ಬಂತು, ಅಂಗಡಿಯ ಬಾಗಿಲು ತೆರೆಯುವ ಹೊತ್ತಾಯಿತು. ಗಾಜಿನಾಚೆ ಜನ ಸೇರಿದ್ದರು. ಅವಳು ಮೇಜಿನವರೆಗೆ ಬಂದಳು, ಕೋನ್ ಕೈಗೆತ್ತಿಕೊಂಡಳು. ಒಂದು ಮಗು ಗಾಜಿಗೆ ಮೂಗು ಒತ್ತಿ ಅವಳ ಮುಖವನ್ನೇ ದಿಟ್ಟಿಸಿತು. ಅದರ ತಾಯಿಯೂ ದಿಟ್ಟಿಸಿದಳು. ಅವಳ ಮುಖ ಧಗಧಗ ಎಂದಿತು.

ಕಾಲುಗಳು ತಾವೇ ಓಡಿದವು. ಹಳೆಯ ದಾರಿ, ಹಳೆಯ ಬಾಗಿಲು. ಕೋಲ್ಡ್ ರೂಮ್ ಅವಳನ್ನು ನುಂಗಿ ಮುಚ್ಚಿಕೊಂಡಿತು.

ಗಡಿಬಿಡಿಯಲ್ಲಿ ದೀಪ ಹಾಕಿರಲಿಲ್ಲ. ಕತ್ತಲು. ಚಳಿ ಮೂಳೆಗೆ ಇಳಿಯತೊಡಗಿತು. ಕ್ರೀಮಿನ ಡಬ್ಬಗಳ ನಡುವೆ ಅವಳು ಕುಕ್ಕರಗಾಲಿನಲ್ಲಿ ಕುಳಿತಳು, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.

ಹೊರಗೆ ಚಿಕ್ಕಮ್ಮ ಸುಮ್ಮನಿರುವ ಹೆಂಗಸಲ್ಲ. ಬೆಳಿಗ್ಗೆಯೇ ಐಸಣ್ಣನಿಗೆ ಫೋನ್ ಮಾಡಿ, ಕೆಡದ ಫ್ರಿಜ್ಜನ್ನು ಕೆಟ್ಟಿದೆ ಎಂದು ಕರೆಸಿದ್ದಳು. ಅವನು ಓಡಿ ಬಂದು ಕೋಲ್ಡ್ ರೂಮಿನ ಹಿಡಿಕೆ ಹಿಡಿದ. ಹಿಡಿದವನು ಕೈಬಿಟ್ಟ.

"ತೆಗಿಯಪ್ಪಾ, ಏನು ನೋಡ್ತಾ ನಿಂತೆ?"

"ಒಳಗಿಂದ ತೆಗೆಯುತ್ತಮ್ಮ. ನಾನೇ ಹಾಕಿರೋ ಗುಂಡಿ, ಚೆನ್ನಾಗಿದೆ. ನಾನು ಇಲ್ಲೇ ನಿಂತಿರ್ತೀನಿ." ಎಷ್ಟು ಹೊತ್ತು ಕಾಯಬಹುದು, ಯಾವಾಗ ಕಾಯಬಾರದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ, ಬಾಗಿಲಿಗೆ ಬೆನ್ನು ತಿರುಗಿಸಿ ನಿಂತ.

ಆ ದಪ್ಪ ಬಾಗಿಲಿನೊಳಗೆ ಅವಳಿಗೆ ಇದೇನೂ ಕೇಳಿಸಲಿಲ್ಲ. ಬೆರಳುಗಳ ಸಂದಿಯಿಂದ ಮಂಕಾದ ಹಸಿರು ಬೆಳಕೊಂದು ಕಂಡಿತು, ಅಷ್ಟೇ.

ಗುಂಡಿ.

ಒಂದ್ಸಲ ಒತ್ತಿ ನೋಡಿ, ನನ್ನ ಸಮಾಧಾನಕ್ಕಾದ್ರೂ ಎಂದಿದ್ದನಲ್ಲ. ಅವಳು ಅದನ್ನು ಒಮ್ಮೆಯೂ ಒತ್ತಿರಲಿಲ್ಲ. ಬಾಗಿಲಿಗೆ ಮರದ ತುಂಡು ಕೊಟ್ಟು ಒಳಗೆ ಬರುತ್ತಿದ್ದಳೇ ಹೊರತು, ಅದನ್ನು ನಂಬಿ ಬಾಗಿಲು ಮುಚ್ಚಿಕೊಂಡಿರಲಿಲ್ಲ.

'ಇಲ್ಲೇ ಇದ್ದರೆ ಸಾಯುತ್ತೇನೆ. ಹೊರಗೆ ಹೋದರೆ ನೋಡುತ್ತಾರೆ. ಅಷ್ಟೇ. ನೋಡುತ್ತಾರೆ.'

ಭಯ ಹೋಗಲಿಲ್ಲ. ನಡುಗುತ್ತಲೇ ಎದ್ದಳು, ಅಂಗೈಯನ್ನು ಗುಂಡಿಯ ಮೇಲಿಟ್ಟಳು. ಒತ್ತಿದಳು.

ಬಾಗಿಲು ತೆರೆಯಿತು.

ಅವನ ಬೆನ್ನು ಕಂಡಿತು. ಹಿಂದಕ್ಕೆ ಚಾಚಿದ ಕೈಯಲ್ಲಿ ಅದೇ ಜಾಕೆಟ್. ಬಾಗಿಲ ಸದ್ದು ಕೇಳಿ ಅವನ ಭುಜಗಳು ಸಡಿಲವಾದವು.

"ಬಂದ್ರಾ?"

"ಬಂದೆ."

"ಯಾವ ಕಡೆ ತಿರುಗ್ಲಿ?"

ಅವಳು ಜಾಕೆಟ್ ತೆಗೆದುಕೊಂಡು ಭುಜಕ್ಕೆ ಹೊದ್ದಳು. ತಲೆಗಲ್ಲ.

"ಈ ಕಡೆ."

ಅವನು ತಿರುಗಿದ. ಅವಳು ಅವನ ಕಣ್ಣುಗಳಲ್ಲಿ ಆ ಗಾಬರಿಯನ್ನು ಹುಡುಕಿದಳು. ಇರಲಿಲ್ಲ. ಕಣ್ಣೀರು ಮಾತ್ರ ಇತ್ತು, ಅದನ್ನು ಅವನು ಒರೆಸಿಕೊಳ್ಳಲೂ ಇಲ್ಲ.

"ಹೇಗೆ ಕಾಣ್ತಿದ್ದೀನಿ? ನಿಜ ಹೇಳಿ."

"ಊದಿದೆ. ಕೆಂಪಗಿದೆ. ಎಡಗಡೆ ಸ್ವಲ್ಪ ನೀಲಿನೂ ಇದೆ." ಅವನು ಉಸಿರೆಳೆದುಕೊಂಡ. "ನನಗೆ ನೀವಂದ್ರೆ ಪ್ರಾಣ. ಅರ್ಧ ಹೇಳಿ ನಿಲ್ಲಿಸೋ ಚಾಳಿ ನಂದು, ಈ ಸಲ ಪೂರ್ತಿ ಹೇಳಿದ್ದೀನಿ."

ಅವಳ ಮುಖ ಇನ್ನಷ್ಟು ಕೆಂಪಾಯಿತು. ಏಕೆ ಎಂದು ಈ ಸಲ ಅವಳಿಗೆ ಅನುಮಾನವೇ ಇರಲಿಲ್ಲ.

"ಇನ್ನೂ ಕೆಲವು ಸಲ ಲೇಸರ್‌ಗೆ ಹೋಗ್ತೀನಿ," ಎಂದಳು. "ಉರಿ ಕಮ್ಮಿಯಾದ್ರೆ ಸಾಕು. ಬಚ್ಚಿಟ್ಕೊಳ್ಳೋದಕ್ಕೆ ಅಂತ ಹೋಗಲ್ಲ."

"ಗಾಳಿ ಮೆಷಿನ್ ಸರಿಯಾಗಿರುತ್ತೆ. ಅದು ನನ್ನ ಜವಾಬ್ದಾರಿ."

"ಆ ಫ್ಯಾನನ್ನ ಮಾತ್ರ ಕಿತ್ತಾಕಿ."

"ಇವತ್ತೇ ಕೀಳ್ತೀನಿ."

ಬಾಗಿಲ ಬಳಿಯಿಂದ ಚಿಕ್ಕಮ್ಮ ಕೂಗಿದಳು. "ಮಾತು ಮುಗೀತಾ? ಜನ ಕಾಯ್ತಿದ್ದಾರೆ. ಕೇಕಂತೂ ತಾನೇ ಹೂ ಬಿಡಲ್ಲ."

ಅವಳು ಹೆಜ್ಜೆ ಮುಂದಿಟ್ಟು, ನಿಂತಳು.

"ನನಗಿನ್ನೂ ಭಯ ಆಗ್ತಿದೆ."

"ಗೊತ್ತು. ನಾನೇನು ಮಾಡ್ಲಿ?"

"ಗಾಜಿನ ಆಚೆ ಹೋಗಿ, ಎಲ್ಲರಿಗಿಂತ ಮುಂದೆ ನಿಂತ್ಕೊಳ್ಳಿ."

"ನಿಂತು?"

"ನನ್ನನ್ನೇ ನೋಡಿ."